ಕೂಸಿನ ನಿದ್ದೆಗೆ ಏನು ಕೊಳ್ಳಬೇಕು, ಏನು ಬಿಡಬೇಕು: ಅಂಗಡಿಯ ಸಾಮಾನು ಒಂದೊಂದಾಗಿ

ಬಳ್ಳಾರಿಯ ಬೆಂಗಳೂರು ರಸ್ತೆಯಾಗಲಿ, ರಾಯಚೂರಿನ ತೀನ್ ಕಂದೀಲ್ ಸುತ್ತಮುತ್ತಲಾಗಲಿ, ಕೊಪ್ಪಳದ ಜವಾಹರ ರಸ್ತೆಯಾಗಲಿ, ಮಕ್ಕಳ ಸಾಮಾನಿನ ಅಂಗಡಿಗೆ ಹೋಗಿ ‘ಕೂಸು ರಾತ್ರಿ ಮಲಗವಲ್ದು’ ಅಂದರೆ ಮೊದಲು ಕೆಳಗಿಳಿಯುವುದು ಸ್ಪ್ರಿಂಗ್ ಜೋಳಿಗೆ. ಬೇಡ ಅಂದರೆ ಮೋಟಾರ್ ಜೋಳಿಗೆ. ಅದರ ಹಿಂದೆಯೇ ಝಿಪ್ ಪರದೆಯ ಹಾಸಿಗೆ ಸೆಟ್ಟು, ಸಾಸಿವೆ ದಿಂಬು, ಮೈಸುತ್ತುವ ಬಟ್ಟೆ, ಕೂಸು ಮಲಗಲೆಂದು ಒಂದೇ ಸಮ ಗುಂಯ್‌ಗುಡುವ ಯಂತ್ರ (ವೈಟ್ ನಾಯ್ಸ್ ಮಷಿನ್). ಒಟ್ಟು ಬಿಲ್ಲು ಐದಾರು ಸಾವಿರ ಮುಟ್ಟಲು ಹೊತ್ತು ಬೇಕಿಲ್ಲ. ಇದರಲ್ಲಿ ಮುಕ್ಕಾಲು ಪಾಲು ತೂಗುವ ಸಾಮಾನು. ಈ ಮೂರೂ ಜಿಲ್ಲೆಗಳಲ್ಲಿ ಕೂಸಿನ ನಿದ್ದೆ ಕೆಡಿಸುವುದು ಮಾತ್ರ ಬೇರೆ: ಸೆಕೆ, ಸೊಳ್ಳೆ, ಮತ್ತೆ ಹಗಲು-ರಾತ್ರಿಯ ವ್ಯತ್ಯಾಸವಿಲ್ಲದೆ ಉರಿಯುವ ಟ್ಯೂಬ್‌ಲೈಟು. ಕೈಯಲ್ಲಿರುವ ದುಡ್ಡನ್ನು ಒಳ್ಳೆಯ ಗಾದಿ, ಒಳ್ಳೆಯ ಪರದೆ, ಗಾಳಿ, ಈ ಮೂರಕ್ಕೆ ಮೊದಲು ಹಾಕಿ, ಉಳಿದರೆ ಜೋಳಿಗೆ ನೋಡಿ ಅನ್ನುವುದು ನಮ್ಮ ಲೆಕ್ಕ.

ಸಾಮಾನಿನಿಂದ ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬಹುದು ಅನ್ನುವುದೂ ಗೊತ್ತಿರಬೇಕು. ಹುಟ್ಟಿದ ಕೂಸು ದಿನದ 24 ತಾಸಿನಲ್ಲಿ 14ರಿಂದ 17 ತಾಸು ಮಲಗುತ್ತದೆ, ಆದರೆ ತುಂಡು ತುಂಡಾಗಿ. ಹೊಟ್ಟೆ ಚಿಕ್ಕದು; ದಿನಕ್ಕೆ 8ರಿಂದ 12 ಸಲ ಹಾಲು ಬೇಕು. ಹಗಲು ಯಾವುದು, ರಾತ್ರಿ ಯಾವುದು ಎಂಬುದು ಅದರ ಮೈಗೆ ತಿಳಿಯತೊಡಗುವುದೇ ಎರಡು ಮೂರು ತಿಂಗಳ ಮೇಲೆ. 4ರಿಂದ 12 ತಿಂಗಳವರೆಗೆ ಹಗಲಿನ ಜೊಂಪು ಸೇರಿ 12ರಿಂದ 16 ತಾಸು. ಕೂಸಿನ ನಿದ್ದೆಯ ಒಂದು ಸುತ್ತು ಹೆಚ್ಚುಕಡಿಮೆ 50 ನಿಮಿಷ. ಪ್ರತಿ ಸುತ್ತಿನ ಕೊನೆಗೆ ಅರೆ ಎಚ್ಚರವಾಗುವುದು ಸಹಜ. ಹೀಗಿರುವಾಗ ಒಂದು ತಿಂಗಳ ಕೂಸನ್ನು ‘ರಾತ್ರಿಯಿಡೀ ಮಲಗಿಸುತ್ತದೆ’ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಆ ಡಬ್ಬಿ ಅಲ್ಲೇ ಇಟ್ಟು ಬನ್ನಿ.

ಸ್ಪ್ರಿಂಗ್ ಜೋಳಿಗೆ

ಹಳೆ ಸೀರೆಯ ಜೋಳಿಗೆಗೆ ಸ್ಪ್ರಿಂಗು, ಬಟ್ಟೆ ಅಗಲವಾಗಿ ನಿಲ್ಲಲು ಅಡ್ಡಕೋಲು, ಮೇಲೊಂದು ಕೊಂಡಿ ಸೇರಿಸಿದರೆ ಅಂಗಡಿಯ ಜೋಳಿಗೆ. ಅಳುವ ಕೂಸನ್ನು ಸುಮ್ಮನಾಗಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ, ಅದನ್ನು ಒಪ್ಪಲೇಬೇಕು. ತೊಂದರೆ ಇರುವುದು ಸುಮ್ಮನಾದ ಮೇಲೆ ಅದರಲ್ಲೇ ಬಿಡುವುದರಲ್ಲಿ.

ಬಟ್ಟೆ ಜೋತುಬಿದ್ದಾಗ ಕೂಸಿನ ಬೆನ್ನು ಬಾಗುತ್ತದೆ, ಗದ್ದ ಎದೆಗೆ ತಾಗುತ್ತದೆ. ಕೂಸಿನ ತಲೆ ಭಾರ, ಕುತ್ತಿಗೆಗೆ ಬಲವಿಲ್ಲ, ಉಸಿರಿನ ಕೊಳವೆ ಸಣ್ಣದು. ಗದ್ದ ಒತ್ತಿದರೆ ಕೊಳವೆ ಮಡಚಿಕೊಳ್ಳುತ್ತದೆ. ಆಗ ಅಳಲು ಕೂಡ ಗಾಳಿ ಸಾಲದು, ಹಾಗಾಗಿ ಸದ್ದೇ ಬರುವುದಿಲ್ಲ. ಬಟ್ಟೆಯ ಎರಡೂ ಬದಿ ಮುಖದ ಹತ್ತಿರ ಬಂದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅಮೆರಿಕದಲ್ಲಿ 2022ರಿಂದ, ಕೂಸು ಮಲಗುವ ಸಾಮಾನಿನ ಇಳಿಜಾರು 10 ಡಿಗ್ರಿ ಮೀರಬಾರದೆಂಬ ನಿಯಮವೇ ಇದೆ. ಜೋತುಬಿದ್ದ ಜೋಳಿಗೆ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ.

ಹಾಗಂತ ಅಜ್ಜಿಯ ಕೈಯಿಂದ ಜೋಳಿಗೆ ಕಿತ್ತುಕೊಳ್ಳಬೇಕಿಲ್ಲ. ಯಾರಾದರೂ ಎದುರಿಗೆ ಕೂತು ತೂಗಲಿ, ಕೂಸು ಮಲಗಿದ ಮೇಲೆ ಗಾದಿಗೆ ಇಳಿಸಲಿ. ಇಳಿಸಿದ ಕೂಡಲೇ ಏಳುತ್ತದೆ ಅನ್ನುವುದು ಎಲ್ಲ ಮನೆಯ ದೂರು. ಕಾರಣವಿದೆ: ಮೊದಲ ಮೂರು ತಿಂಗಳು ಕೂಸು ನಿದ್ದೆಗೆ ಜಾರುವುದೇ ಹಗುರ ನಿದ್ದೆಯಿಂದ. ಕಣ್ರೆಪ್ಪೆ ಅದುರುತ್ತಿರುತ್ತದೆ, ತುಟಿ ಆಡುತ್ತಿರುತ್ತದೆ. ಆಗ ಎತ್ತಿದರೆ ಏಳುತ್ತದೆ. 15-20 ನಿಮಿಷ ಕಾಯಿರಿ. ಕೈ ಎತ್ತಿ ಬಿಟ್ಟರೆ ತೊಪ್ಪನೆ ಬೀಳಬೇಕು, ಉಸಿರು ಒಂದೇ ಸಮ ಇರಬೇಕು. ಎತ್ತುವಾಗ ಮೈಗೆ ಒತ್ತಿ ಹಿಡಿದು, ಗಾದಿಯ ಮೇಲೆ ಮೊದಲು ಕುಂಡಿ, ಆಮೇಲೆ ಬೆನ್ನು, ಕೊನೆಗೆ ತಲೆ ಇಳಿಸಬೇಕು. ತಲೆ ಮೊದಲು ಇಳಿಸಿದರೆ ಬಿದ್ದಂತೆನಿಸಿ ಕೈ ಚೆಲ್ಲಿ ಬೆಚ್ಚುತ್ತದೆ. ಎದೆಯ ಮೇಲೆ ಅಂಗೈ ಒಂದು ನಿಮಿಷ ಹಗುರಾಗಿ ಇಟ್ಟಿದ್ದು, ನಿಧಾನ ತೆಗೆಯಿರಿ.

ಕೊಳ್ಳುವುದಾದರೆ ನೋಡಬೇಕಾದ್ದು ಮೊದಲು ಸ್ಪ್ರಿಂಗು. ಅದರ ಮೇಲೆ ಬಟ್ಟೆಯ ಕವಚ ಇರಬೇಕು, ಇಲ್ಲದಿದ್ದರೆ ಅಕ್ಕನೋ ಅಣ್ಣನೋ ಬೆರಳು ಸಿಕ್ಕಿಸಿಕೊಳ್ಳುತ್ತಾರೆ. ಸ್ಪ್ರಿಂಗಿನ ಒಳಗೋ ಪಕ್ಕದಲ್ಲೋ ಒಂದು ಹಗ್ಗ ಅಥವಾ ಸರಪಳಿ ಮೇಲಿನ ಕೊಂಡಿಯಿಂದ ಕೆಳಗಿನ ಕೊಂಡಿಯವರೆಗೆ ಸಡಿಲವಾಗಿ ಹೋಗಿರಬೇಕು. ಸ್ಪ್ರಿಂಗು ತುಂಡಾದರೂ ಭಾರ ಅದರ ಮೇಲೆ ನಿಲ್ಲುತ್ತದೆ. ಅಗ್ಗದವುಗಳಲ್ಲಿ ದುಡ್ಡು ಉಳಿಸಲು ಬಿಟ್ಟುಬಿಡುವುದು ಇದನ್ನೇ. ಕೊಂಡಿಗೆ ಬಾಯಿ ಮುಚ್ಚುವ ನಾಲಿಗೆ ಇರಲಿ. ಬರೀ ‘ಎಸ್’ ಆಕಾರದ ಕಂಬಿಯಾದರೆ ಎಗರಿದಾಗ ಕಳಚಿಕೊಳ್ಳುತ್ತದೆ, ಇಲ್ಲವೇ ದಿನಗಳೆದಂತೆ ಬಾಯಿ ಅಗಲವಾಗುತ್ತದೆ. ಸ್ಪ್ರಿಂಗಿನ ಸುರುಳಿಗಳ ನಡುವೆ, ಭಾರವಿಲ್ಲದಾಗಲೂ ಸಂದು ಕಂಡರೆ ಅದು ಸತ್ತ ಸ್ಪ್ರಿಂಗು, ಬದಲಿಸಿ.

ಆಮೇಲೆ ತೂಗುಹಾಕುವ ಜಾಗ. ಹಳೆಯ ಮಾಳಿಗೆ ಮನೆಯಾದರೆ ಜಂತಿಗೆ ಗೆದ್ದಲು ಹಿಡಿದಿದೆಯೋ ಎಂದು ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗಿಳಿದರೆ ಆ ಜಂತಿ ಬೇಡ. ಆರ್‌ಸಿಸಿ ಮನೆಯಲ್ಲಿ ಸ್ಲ್ಯಾಬ್ ಹಾಕುವಾಗಲೇ ಕಂಬಿಗೆ ಸಿಕ್ಕಿಸಿ ಬಿಟ್ಟ ಕೊಂಡಿ ಒಳ್ಳೆಯದು. ಫ್ಯಾನ್ ತೂಗಿರುವ ಕೊಂಡಿಗೇ ಜೋಳಿಗೆಯನ್ನೂ ಕಟ್ಟುವುದು ಯಾವ ಕಾರಣಕ್ಕೂ ಬೇಡ. ಕಟ್ಟಿದ ಮೇಲೆ ಕೂಸನ್ನು ಹಾಕುವ ಮುಂಚೆ 15 ಕಿಲೋ ಜೋಳದ ಚೀಲ ಇಟ್ಟು ಹತ್ತು ನಿಮಿಷ ಜೋರಾಗಿ ತೂಗಿ. ಗಾರೆ ಉದುರಿದರೆ, ಕೊಂಡಿ ತಿರುಗಿದರೆ, ಗಂಟು ಜಾರಿದರೆ ಆಗಲೇ ಗೊತ್ತಾಗುತ್ತದೆ. ಜೋಳಿಗೆಯ ತಳ ನೆಲದಿಂದ ಒಂದು ಅಡಿಗಿಂತ ಮೇಲೆ ಬೇಡ. ಕೆಳಗೆ ಶಹಾಬಾದ್ ಕಲ್ಲಿನ ನೆಲ ಇದ್ದರೆ ನಾಲ್ಕು ಮಡಿಕೆ ಕೌದಿ ಹಾಸಿರಲಿ.

ಕೂಸು ಮಗ್ಗಲು ಹೊರಳಲು ಶುರುಮಾಡಿತೋ, ಅದು ಸಾಮಾನ್ಯವಾಗಿ ನಾಲ್ಕು-ಐದನೇ ತಿಂಗಳು, ಅಲ್ಲಿಗೆ ಜೋಳಿಗೆಯ ಆಯಸ್ಸು ಮುಗಿಯಿತು. ಸ್ಪ್ರಿಂಗಿಗೆ ಭಾರ ತಡೆಯುವ ತಾಕತ್ತು ಇನ್ನೂ ಇರುತ್ತದೆ, ಅಂಗಡಿಯವರು ಅದನ್ನೇ ಹೇಳುತ್ತಾರೆ. ಆದರೆ ಹೊರಳಿದ ಕೂಸಿನ ಮುಖ ಬಟ್ಟೆಗೆ ಒತ್ತುವುದಕ್ಕೂ ಸ್ಪ್ರಿಂಗಿನ ತಾಕತ್ತಿಗೂ ಸಂಬಂಧವಿಲ್ಲ.

ಸ್ಟೀಲ್ ಸ್ಟ್ಯಾಂಡಿನ ಜೋಳಿಗೆಗೂ ಇದೇ ಮಾತು. ಅದರಲ್ಲಿ ಹೆಚ್ಚಿನ ಚಿಂತೆ ಬುಡದ್ದು: ನಯವಾದ ಗ್ರಾನೈಟ್ ಮೇಲೆ ಜಾರುತ್ತದೆ, ದೊಡ್ಡ ಮಗು ಜೋತುಬಿದ್ದರೆ ಮಗುಚುತ್ತದೆ. ನಾಲ್ಕೂ ಕಾಲಿಗೆ ರಬ್ಬರ್ ಬುಷ್ ಇರುವುದನ್ನು ಕೊಂಡು, ನಟ್ಟುಗಳನ್ನು ವಾರಕ್ಕೊಮ್ಮೆ ಬಿಗಿ ಮಾಡಿ. ತೂಗಾಟಕ್ಕೆ ನಟ್ಟು ಸಡಿಲವಾಗಿಯೇ ಆಗುತ್ತದೆ.

ಮೋಟಾರ್ ಜೋಳಿಗೆ

ಸ್ಪ್ರಿಂಗಿಗೆ ಒಂದು ಸಣ್ಣ ಮೋಟಾರು, ಅಡಾಪ್ಟರು, ವೇಗದ ಗುಂಡಿ. ಬೆಲೆ ಎರಡು ಸಾವಿರದ ಮೇಲೆಯೇ. ಇದನ್ನು ಕೊಳ್ಳಬೇಡಿ ಅನ್ನುವುದಕ್ಕೆ ಎರಡು ಕಾರಣ. ಮೋಟಾರ್ ಕೊಳ್ಳುವುದೇ ದೊಡ್ಡವರು ಎದ್ದುಹೋಗಲಿಕ್ಕೆ, ಜೋಳಿಗೆಗೆ ಬೇಕಿರುವುದು ಎದುರಿಗೆ ಕೂತವರ ಕಣ್ಣು. ಇನ್ನೊಂದು ಅಭ್ಯಾಸದ ಮಾತು. ತೂಗಾಟದಲ್ಲೇ ನಿದ್ದೆಹೋದ ಕೂಸು 50 ನಿಮಿಷಕ್ಕೆ ಅರೆ ಎಚ್ಚರವಾದಾಗ ಅದೇ ತೂಗಾಟ ಹುಡುಕುತ್ತದೆ. ಮೋಟಾರಿನ ಟೈಮರ್ ನಿಂತಿರುತ್ತದೆ, ಇಲ್ಲವೇ ಕರೆಂಟು ಹೋಗಿರುತ್ತದೆ. ಬೇಸಿಗೆಯ ರಾತ್ರಿ ಕರೆಂಟು ಹೋದರೆ ಫ್ಯಾನೂ ನಿಂತು, ಜೋಳಿಗೆಯೂ ನಿಂತು, ಕೂಸು ಕಿರುಚಿ ಎದ್ದರೆ ಅದರದೇನು ತಪ್ಪು? ಅವಳಿ ಮಕ್ಕಳಿದ್ದು ಕೈಗೆ ಇನ್ನೊಬ್ಬರಿಲ್ಲದ ಮನೆಗೆ ಮಾತ್ರ ಹಗಲು ಹೊತ್ತು ಸ್ವಲ್ಪ ಉಪಯೋಗವಾದೀತು. ಆಗಲೂ ವೈರು ಕೂಸಿನ ಕೈಗೆ ಎಟುಕದಂತೆ ಮೂರು ಅಡಿ ದೂರವಿರಲಿ.

ಮೂರು ತಿಂಗಳಾದ ಮೇಲೆ ಈ ಅಭ್ಯಾಸ ಬಿಡಿಸಲು ತೂಗುವುದನ್ನು ಸ್ವಲ್ಪ ಸ್ವಲ್ಪ ಬೇಗ ನಿಲ್ಲಿಸಬೇಕು. ಮೊದಲ ಕೆಲವು ದಿನ ಗಾಢ ನಿದ್ದೆ ಬರುವವರೆಗೆ, ಆಮೇಲೆ ಕಣ್ಣು ಮುಚ್ಚುವವರೆಗೆ, ಆಮೇಲೆ ತೂಕಡಿಕೆ ಶುರುವಾಗುವವರೆಗೆ. ಉಳಿದದ್ದು ಗಾದಿಯ ಮೇಲೆ, ತಟ್ಟುತ್ತಾ, ಜೋಗುಳ ಹಾಡುತ್ತಾ. ನಡುವೆ ಹಲ್ಲು ಬಂದೋ ಜ್ವರ ಬಂದೋ ಎರಡು ದಿನ ಹಿಂದಕ್ಕೆ ಹೋದರೆ ಗಾಬರಿ ಬೇಡ.

ಮರದ ತೊಟ್ಟಿಲು

ಕಲಘಟಗಿಯ ಬಣ್ಣದ ತೊಟ್ಟಿಲಿನ ಹೆಸರು ಎಲ್ಲರಿಗೂ ಗೊತ್ತು. ಕೊಪ್ಪಳದವರಿಗೆ ಬಣ್ಣದ ಮರಗೆಲಸ ಅಂದರೆ ಪಕ್ಕದ ಕಿನ್ನಾಳ. ತೊಟ್ಟಿಲು ಶಾಸ್ತ್ರಕ್ಕೆ ಇವುಗಳ ಚೆಂದವೇ ಬೇರೆ. ದಿನಾ ಮಲಗಿಸುವುದಕ್ಕಾದರೆ ಅಳತೆಪಟ್ಟಿ ಹಿಡಿಯಿರಿ. ಕಟಕಟೆಯ ಎರಡು ಕಡ್ಡಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದು ಬೇಡ. ಹೆಚ್ಚಿದ್ದರೆ ಕೂಸಿನ ಮೈ ಹೊರಗೆ ಜಾರಿ ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ತಂಪುಪಾನೀಯದ ಸಾಮಾನ್ಯ ಟಿನ್ ಡಬ್ಬಿ ಆ ಸಂದಿನಲ್ಲಿ ತೂರಬಾರದು ಎಂದು ನೆನಪಿಟ್ಟರೆ ಸಾಕು. ಗಾದಿ ಹಾಕಿದ ಮೇಲೆ ಗಾದಿಗೂ ಕಟ್ಟಿಗೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ತೂಗುವ ತೊಟ್ಟಿಲಿಗೆ ರಾತ್ರಿ ಬೀಗ ಹಾಕುವ ಕೀಲು ಇರಬೇಕು, ಇಲ್ಲದಿದ್ದರೆ ಒಂದು ಬದಿಗೆ ವಾಲಿ ಕೂಸು ಆ ಬದಿಗೆ ಉರುಳಿ ಅಂಟಿಕೊಳ್ಳುತ್ತದೆ.

ಅಟ್ಟದಿಂದ ಇಳಿಸಿದ ತಾತನ ಕಾಲದ ತೊಟ್ಟಿಲಾದರೆ ಬಣ್ಣದ ಮೇಲೆ ಅನುಮಾನವಿರಲಿ. ಭಾರತದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸದ ಮಿತಿ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಎಂಬ ನಿಯಮ 2016ರದ್ದು, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣ ಎದ್ದು ಹಪ್ಪಳೆ ಬರುತ್ತಿದ್ದರೆ, ಹಲ್ಲು ಬರುವ ಕೂಸು ಕಚ್ಚುವುದೇ ಆ ಅಂಚನ್ನು. ಮನೆಯಲ್ಲೇ ಒಣ ಉಪ್ಪುಕಾಗದ ಹಾಕಿ ಉಜ್ಜಿದರೆ ಪುಡಿ ಗಾಳಿಗೆ ಹಾರಿ ಇನ್ನೂ ಕೆಡುಕು. ಅಂಥದ್ದು ಶಾಸ್ತ್ರದ ದಿನ ಫೋಟೋಕ್ಕೆ ಇರಲಿ.

ಗಾದಿ: ದುಡ್ಡು ಹಾಕಬೇಕಾದ್ದು ಇಲ್ಲಿ

ಅಂಗಡಿಯ ‘ಬೇಬಿ ಬೆಡ್’ ಸೆಟ್ಟಿನಲ್ಲಿ ಬರುವುದು ಅರ್ಧ ಇಂಚು ಸ್ಪಂಜು, ಮೇಲೆ ಪಾಲಿಯೆಸ್ಟರ್ ಬಟ್ಟೆ. ರಾಯಚೂರಿನ 40 ಡಿಗ್ರಿ ದಾಟಿದ ಮೇ ತಿಂಗಳಲ್ಲಿ ಅದರ ಮೇಲೆ ಮಲಗಿದ ಕೂಸಿನ ಬೆನ್ನಿನ ತುಂಬ ಬೆವರುಸಾಲೆ. ಅದಕ್ಕಿಂತ ಕಡಿಮೆ ದುಡ್ಡಿಗೆ ಗಾದಿ ಅಂಗಡಿಯಲ್ಲಿ ಹೇಳಿ ಹೊಲಿಸಿದ ಹತ್ತಿಯ ಗಾದಿ ಎಷ್ಟೋ ವಾಸಿ, ಅದೂ ಹತ್ತಿ ಬೆಳೆಯುವ ಸೀಮೆಯಲ್ಲಿ ಕೂತು ಸ್ಪಂಜು ಕೊಳ್ಳುವುದೇಕೆ?

ಹೇಳುವಾಗ ಅಳತೆ ಖಚಿತವಾಗಿ ಹೇಳಿ. ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದ, ದಪ್ಪ ಎರಡು ಇಂಚು. ಹತ್ತಿ ಎರಡೂವರೆಯಿಂದ ಮೂರು ಕಿಲೋ. ‘ಕೂಸಿಗೆ’ ಅಂದ ಕೂಡಲೇ ಅವರು ಮೆತ್ತಗೆ ಇರಲೆಂದು ಹತ್ತಿ ಉಬ್ಬಿಸಿ ಕಡಿಮೆ ತುಂಬುತ್ತಾರೆ. ಮೆತ್ತಗೆ ಬೇಡ, ಬಿಗಿಯಾಗಿ ತುಂಬಿ, ಹೊಲಿಗೆ ಒತ್ತಾಗಿ ಹಾಕಿ ಅನ್ನಬೇಕು. ಬಂದ ಮೇಲೆ ಅಂಗೈಯಿಂದ ಒತ್ತಿ ತೆಗೆಯಿರಿ. ಒತ್ತಿದ ಗುರುತು ಉಳಿದರೆ, ಅಥವಾ ಕೂಸಿನ ತಲೆ ಕೂತಲ್ಲಿ ಬಟ್ಟಲಿನಂತೆ ಕುಳಿ ಬಿದ್ದರೆ, ಹತ್ತಿ ಸಾಲದು. ವಾಪಸು ಕೊಟ್ಟು ತುಂಬಿಸಿ. ಹತ್ತಿಯ ಗಾದಿಯ ಕೊರತೆ ಎಂದರೆ ತೇವ ಹಿಡಿದು ಗಂಟುಕಟ್ಟುವುದು. ವಾರಕ್ಕೆ ಎರಡು ಸಲ ಬಿಸಿಲಿಗೆ ಹಾಕಿ, ಮಗ್ಗಲು ಬದಲಿಸಿ. ಗಂಟಾಗಿ ತಗ್ಗು ಉಬ್ಬು ಬಿದ್ದ ಮೇಲೆ ಹತ್ತಿ ಬಿಡಿಸಿ ಮತ್ತೆ ತುಂಬಿಸದೆ ಗತಿಯಿಲ್ಲ.

ಉಚ್ಚೆಗೆಂದು ಹಾಕುವ ರಬ್ಬರ್ ಶೀಟು ಅಂಗೈ ಅಗಲ ಜಾಗಕ್ಕೆ, ಸೊಂಟದ ಕೆಳಗೆ ಮಾತ್ರ ಬರುವಂತೆ ಇರಲಿ. ಬೆನ್ನಿಡೀ ಹಾಕಿದರೆ ಬೆವರು ಇಂಗುವುದಿಲ್ಲ. ಅದರ ಮೇಲೆ ತೊಳೆದು ತೊಳೆದು ಮೆತ್ತಗಾದ ಧೋತ್ರದ ಬಟ್ಟೆ, ನಾಲ್ಕೂ ಕಡೆ ಗಾದಿಯ ಅಡಿಗೆ ಬಿಗಿಯಾಗಿ ಮಡಚಿ. ಮುದುಡಿ ಎದ್ದುಬರುವ ಹಾಸು ಮುಖದ ಮೇಲೆ ಬರುತ್ತದೆ.

ಈ ಗಾದಿಯನ್ನು ನೆಲದ ಮೇಲೆ, ಅಮ್ಮನ ಹಾಸಿಗೆಯ ಪಕ್ಕಕ್ಕೆ ಹಾಕಿ. ಒಂದೇ ಕೋಣೆ, ಬೇರೆ ಹಾಸಿಗೆ: ಕನಿಷ್ಠ ಆರು ತಿಂಗಳು ಹೀಗಿರಲಿ ಎಂಬುದು ಮಕ್ಕಳ ವೈದ್ಯರ ಸಲಹೆ. ಪ್ರತಿ ಸಲ ಅಂಗಾತ ಮಲಗಿಸಿ, ಹಗಲಿಗೂ ರಾತ್ರಿಗೂ. ಹಾಲು ಕುಡಿದದ್ದು ಗಂಟಲಿಗೆ ಬರುತ್ತದೆ, ಮಗ್ಗಲು ಹಾಕಿ ಎಂದು ಹಿರಿಯರು ಹೇಳುತ್ತಾರೆ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಅನ್ನನಾಳಕ್ಕಿಂತ ಮೇಲಿರುತ್ತದೆ, ಬಂದ ಹಾಲು ಕೆಳಕ್ಕೆ ಇಳಿಯುತ್ತದೆ; ಬೋರಲು ಹಾಕಿದಾಗಲೇ ಅದು ಉಲ್ಟಾ. ಮಗ್ಗಲು ಮಲಗಿಸಿದ ಕೂಸು ಬೋರಲಾಗಲು ಒಂದು ಒದೆತ ಸಾಕು.

ದಿಂಬು, ಪಕ್ಕದಿಂಬು

ಸಾಸಿವೆ ದಿಂಬು ತಲೆ ಗುಂಡಗೆ ಮಾಡುತ್ತದೆ ಎಂದು ಮಾರುತ್ತಾರೆ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ, ಕೂಸಿನ ತಲೆಯ ಆಕಾರಕ್ಕೆಂದು ಮಾರುವ ದಿಂಬುಗಳನ್ನು ಬಳಸಲೇಬೇಡಿ ಎಂದು ಎಚ್ಚರಿಸಿತು. ಹೊಲಿಗೆ ಬಿಚ್ಚಿದರೆ ಸಾಸಿವೆ ನೇರ ಮೂಗು ಬಾಯಿಗೆ. ಒಂದು ವರ್ಷದವರೆಗೆ ದಿಂಬೇ ಬೇಡ. ಸೆಟ್ಟಿನ ಜೊತೆ ಬಂದ ಎರಡು ಪಕ್ಕದಿಂಬನ್ನೂ ಎತ್ತಿಡಿ. ತಲೆ ಒಂದು ಬದಿ ಚಪ್ಪಟೆಯಾಗದಿರಲು, ಒಂದು ದಿನ ಕಿಟಕಿ ಕೂಸಿನ ಎಡಕ್ಕೆ, ಮರುದಿನ ಬಲಕ್ಕೆ ಬರುವಂತೆ ತಲೆ-ಕಾಲಿನ ದಿಕ್ಕು ಬದಲಿಸಿ ಮಲಗಿಸಿ. ಕೂಸು ಬೆಳಕಿನ ಕಡೆ ತಿರುಗುತ್ತದೆ, ತಲೆಯ ಬದಿ ತಾನೇ ಬದಲಾಗುತ್ತದೆ. ಎಚ್ಚರವಿದ್ದಾಗ ಎದುರಿಗೆ ಕೂತು, ದಿನಕ್ಕೆ ಎರಡು ಮೂರು ಸಲ, ಮೂರು ನಾಲ್ಕು ನಿಮಿಷ ಬೋರಲು ಆಡಿಸಿ.

ಸೊಳ್ಳೆ ಪರದೆ

ಕೊಡೆಯಂತೆ ಬಿಚ್ಚುವ ಪರದೆ ಅಗ್ಗ, ಹಗುರ, ಹೊರಳದ ಕೂಸಿಗೆ ಚೆನ್ನ. ಗಾದಿಗಿಂತ ನಾಲ್ಕೂ ಕಡೆ ಒಂದು ಗೇಣು ದೊಡ್ಡದಿರಲಿ. ಪರದೆಗೆ ಒತ್ತಿಕೊಂಡ ಕೈಗೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ‘ಪರದೆಯೊಳಗಿದ್ದರೂ ಕಚ್ಚಿದೆ’ ಎಂಬ ದೂರಿಗೆ ಇದೇ ಕಾರಣ. ಕೂಸು ಹೊರಳಿದ ಮೇಲೆ ಇದನ್ನು ಎಳೆದು ಮೈಮೇಲೆ ಹಾಕಿಕೊಳ್ಳುತ್ತದೆ. ಆಗ ನಾಲ್ಕು ಮೂಲೆಗೆ ಕಟ್ಟುವ ದೊಡ್ಡ ಪರದೆಯೇ ಸರಿ: ಅಮ್ಮನ ಹಾಸಿಗೆ, ಕೂಸಿನ ಗಾದಿ ಎರಡೂ ಒಳಗೆ, ಅಂಚು ಹಾಸಿಗೆಯಡಿ. ಝಿಪ್ ಸೆಟ್ಟಿನ ಪರದೆ ಕಣ್ಣು ಸಣ್ಣದಾಗಿ ಗಾಳಿ ಆಡುವುದಿಲ್ಲ. ಅಂಗಡಿಯಲ್ಲೇ ಪರದೆಯನ್ನು ಬಾಯಿಗೆ ಹಿಡಿದು ಊದಿ, ಆಚೆ ಬದಿಯ ಅಂಗೈಗೆ ಗಾಳಿ ತಾಗದಿದ್ದರೆ ಬಿಡಿ. ಮಾಳಿಗೆ ಮನೆಯಲ್ಲಿ ಮೇಲಿನಿಂದ ಮಣ್ಣು, ಹುಳು ಉದುರುವುದರಿಂದ ಪರದೆಯ ನೆತ್ತಿಗೆ ತೆಳು ಹತ್ತಿ ಬಟ್ಟೆ ಹೊಲಿಸಿದರೆ ಒಳ್ಳೆಯದು.

ಸೊಳ್ಳೆ ಬತ್ತಿಯ ಹೊಗೆ ಕೂಸಿರುವ ಕೋಣೆಗೆ ಬೇಡ. ನೆಗಡಿಗೆ, ದೃಷ್ಟಿಗೆ ಎಂದು ತೊಟ್ಟಿಲಿಗೆ ಕಟ್ಟುವ ಕರ್ಪೂರ-ಅಜವಾನದ ಪೊಟ್ಟಣ ಬಿಚ್ಚಿಬಿಡಿ. ಕರ್ಪೂರ ಕೂಸಿಗೆ ವಿಷ, ಚೂರು ಬಾಯಿಗೆ ಹೋದರೂ ಫಿಟ್ಸ್ ಬರಬಹುದು. ಕುತ್ತಿಗೆಯ ಕರಿದಾರ, ತಾಯತ ಮಲಗಿಸುವಾಗ ತೆಗೆದು ಕಾಲಿಗೆ ಕಟ್ಟಿದರೆ ದೃಷ್ಟಿಯೂ ತಾಗದು, ಕುತ್ತಿಗೆಗೂ ಸುತ್ತದು.

ಫ್ಯಾನು, ಕೂಲರು, ಕುಂಚಿಗೆ

ಬಾಣಂತಿ ಕೋಣೆಯೆಂದು ಕಿಟಕಿ ಮುಚ್ಚಿ, ಕೆಂಡ ಇಟ್ಟು, ಕೂಸಿಗೆ ಕುಂಚಿಗೆ ಕಟ್ಟಿ, ಮೇಲೊಂದು ಕೌದಿ ಹೊದಿಸಿ, ‘ಏಕೋ ರಾತ್ರಿಯೆಲ್ಲ ಅಳುತ್ತದೆ’ ಅಂದರೆ ಯಾವ ಜೋಳಿಗೆ ತಾನೇ ಏನು ಮಾಡೀತು? ಮೈಯೆಲ್ಲ ಹೊದಿಸಿದ ಕೂಸು ಕಾವು ಕಳೆಯುವುದು ಹೆಚ್ಚಾಗಿ ತಲೆಯಿಂದ, ಮುಖದಿಂದ. ಒಳಾಂಗಣದಲ್ಲಿ ಮಲಗುವಾಗ ಕುಂಚಿಗೆ, ಟೋಪಿ ಬಿಚ್ಚಿ. ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದು ತಾಯಿ ಮಗು ಇಬ್ಬರಿಗೂ ಕುತ್ತು. ದಿನ ತುಂಬುವ ಮುಂಚೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿಗೆ ಬೆಚ್ಚಗಿಡುವ ಲೆಕ್ಕ ಬೇರೆ, ಅದನ್ನು ವೈದ್ಯರು ಹೇಳಿದಂತೆ ಮಾಡಿ.

ಸೆಕೆಯೋ ಚಳಿಯೋ ಎಂದು ಕೈಕಾಲು ಮುಟ್ಟಿ ನೋಡಬೇಡಿ, ಅವು ತಣ್ಣಗೇ ಇರುತ್ತವೆ. ಕತ್ತಿನ ಹಿಂದೆ, ಎದೆಯ ಮೇಲೆ ಮುಟ್ಟಿ. ಬೆವರಿದ್ದರೆ ಒಂದು ಬಟ್ಟೆ ಕಡಿಮೆ. ಏಪ್ರಿಲ್-ಮೇಗೆ ತೆಳು ಹತ್ತಿಯ ಜಬಲ ಒಂದೇ ಸಾಕು. ಮೈಸುತ್ತುವ ಬಟ್ಟೆಗೆ ದುಡ್ಡು ಕೊಡುವುದೇ ಬೇಡ. ಚಳಿಗಾಲದಲ್ಲಿ ಬೇಕೆನಿಸಿದರೆ ಹಳೆ ಧೋತ್ರ ಸಾಕು. ಎದೆಯ ಬಳಿ ಎರಡು ಬೆರಳು ತೂರುವಷ್ಟು, ಸೊಂಟದ ಕೆಳಗೆ ಕಾಲು ಕಪ್ಪೆಯಂತೆ ಮಡಚುವಷ್ಟು ಸಡಿಲ ಬಿಡಿ. ಕಾಲು ನೆಟ್ಟಗೆ ಎಳೆದು ಕಟ್ಟಿದರೆ ಸೊಂಟದ ಕೀಲು ಜಾರುವ ಅಪಾಯವಿದೆ. ಹೊರಳುವ ಲಕ್ಷಣ ಕಂಡ ದಿನವೇ ಸುತ್ತುವುದು ನಿಲ್ಲಬೇಕು.

ಸೀಲಿಂಗ್ ಫ್ಯಾನಿಗೆ ಅಂಜಬೇಕಿಲ್ಲ. ಕೂಲರಿನ ಗಾಳಿ ಗೋಡೆಗೆ ಬಡಿದು ಬರುವಂತೆ ತಿರುಗಿಸಿ, ಎದುರಿನ ಕಿಟಕಿ ಒಂದು ಗೇಣು ತೆರೆದಿರಿ. ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಕೋಣೆ ತಂಪಾಗದು, ಬರೀ ಒದ್ದೆಯಾಗುತ್ತದೆ. ಮಳೆಗಾಲದಲ್ಲಂತೂ ಕೂಲರ್ ದಂಡ. ತೊಟ್ಟಿಯ ನೀರು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ, ಒಳಗಿನ ಅಂಚನ್ನು ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ ತುಂಬಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಆ ನೀರಿನ ಗೆರೆಯ ಮೇಲಿನ ಒದ್ದೆ ಅಂಚಿನಲ್ಲಿ. ಬರೀ ನೀರು ಬದಲಿಸಿದರೆ ಮೊಟ್ಟೆ ಅಲ್ಲೇ ಉಳಿಯುತ್ತದೆ. ಏಸಿ ಇದ್ದವರು 25-26ಕ್ಕೆ ಇಟ್ಟು, ಗಾಳಿ ಕೂಸಿನ ಮೇಲೆ ನೇರ ಬೀಳದಂತೆ ನೋಡಿಕೊಂಡರೆ ಸರಿ.

ಗುಂಯ್‌ಗುಡುವ ಯಂತ್ರಗಳ ಮಾತು ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಫ್ಯಾನಿನ ಸದ್ದೇ ಆ ಕೆಲಸ ಮಾಡುತ್ತದೆ. ಕೊಂಡೇ ಬಿಟ್ಟಿದ್ದರೆ ಕೂಸಿನಿಂದ ಆರೇಳು ಅಡಿ ದೂರವಿಟ್ಟು, ಪಕ್ಕದಲ್ಲಿ ಮೆಲ್ಲಗೆ ಆಡಿದ ಮಾತು ಕೇಳಿಸುವಷ್ಟು ಸಣ್ಣಗೆ ಹಾಕಿ. ಪೂರ್ತಿ ಜೋರು ಮಾಡಿದರೆ ಕೆಲವು 85 ಡೆಸಿಬಲ್ ದಾಟುತ್ತವೆ. ಕೂಸಿನ ಕೋಣೆಗೆ 50 ಮೀರಬಾರದು. ರಾತ್ರಿ ಹಾಲು ಕುಡಿಸುವಾಗ ಟ್ಯೂಬ್‌ಲೈಟಿನ ಬದಲು ಮೂಲೆಯಲ್ಲಿ ಅರ್ಧ ವ್ಯಾಟಿನ ಹಳದಿ ದೀಪ ಇಟ್ಟರೆ ಮೂವತ್ತು ನಲವತ್ತು ರೂಪಾಯಿಯಲ್ಲಿ ಆಗುವ ಉಪಕಾರ ಮೋಟಾರಿನಿಂದಲೂ ಆಗದು.

ಮಲಗಿದಾಗ ದಿನಾ ಗೊರಕೆ, ನಡುನಡುವೆ ಉಸಿರು ನಿಂತಂತೆ ಕಾಣುವುದು, ತುಟಿ ನೀಲಿಯಾಗುವುದು, ಹಾಲಿಗೂ ಏಳದಷ್ಟು ಮಂಕು, ಇವಕ್ಕೆ ಅಂಗಡಿಯಲ್ಲಿ ಮದ್ದಿಲ್ಲ. ತುಟಿ ನೀಲಿಯಾದರೆ, ಉಸಿರು ನಿಂತರೆ 108ಕ್ಕೆ ಕರೆ ಮಾಡಿ. ಉಳಿದವಕ್ಕೆ ಬಳ್ಳಾರಿಯವರು ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರರಲ್ಲೂ ಮಕ್ಕಳ ವಿಭಾಗವಿದೆ. ಹೆರಿಗೆಯಾದ ಮೊದಲ 42 ದಿನದಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕೂಸು ಮಲಗುವ ಜಾಗವನ್ನೂ ತೋರಿಸಿ, ಅದಕ್ಕೆ ದುಡ್ಡಿಲ್ಲ.